ನಡುಗದ ಗೆರೆ

ಧಾರವಾಡ ದಾಟಿ ಬೆಳಗಾವಿ ಕಡೆ ಹೊರಟರೆ ಹೆದ್ದಾರಿಯ ಮಗ್ಗುಲಿಗೇ ಬೇಲೂರು ಕೈಗಾರಿಕಾ ಪ್ರದೇಶ. ಟಾಟಾದವರು ಬ್ರೆಜಿಲ್‌ನ ಮಾರ್ಕೊಪೋಲೊ ಜೊತೆ 2006ರಲ್ಲಿ ಕೈಜೋಡಿಸಿದರು. ಅವರ ಬಸ್ ಕಾರ್ಖಾನೆ ಇಲ್ಲಿ ಎದ್ದ ಕಾಲಕ್ಕೆ ಸುತ್ತಮುತ್ತ ಶೆಡ್ಡುಗಳೂ ಎದ್ದವು. ಶೆಡ್ಡು ಅಂದಮೇಲೆ ಬೋರ್ಡು ಬೇಕು. ನಾನು ಪೇಂಟರ್ ಮಾಸ್ತರರಿಗೆ ಬಣ್ಣ ಕಲಸಿಕೊಡುವ ಹುಡುಗನಾಗಿದ್ದೆ.

ಇಂಗ್ಲಿಷ್ ಅಕ್ಷರಕ್ಕೆ ಪಟ್ಟಿ ಹಿಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಕನ್ನಡ ಹಾಗಲ್ಲ. ‘ಕ್ಷ’ದ ಹೊಟ್ಟೆ, ತಲೆಕಟ್ಟಿನ ಬಾಗು ಒಂದೇ ಉಸಿರಿನಲ್ಲಿ ಇಳಿಯಬೇಕು. ಮಾಸ್ತರರಿಗೆ ಮಾಲೀಕರ ಹೆಸರಿಗಿಂತ ಟ್ರಾನ್ಸ್‌ಫಾರ್ಮರ್ ಬೇಲಿಯ ‘ಅಪಾಯ 11000 ವೋಲ್ಟ್’ ಮೇಲೆ ಹೆಚ್ಚು ಜೀವ. “ಲೇ ತಮ್ಮಾ, ನಿನ್ನೆ ಹಳ್ಳಿಯಿಂದ ಕೆಲಸಕ್ಕ ಬಂದಾಂವ ಇದನ್ನ ಓದ್ತಾನ. ಅವಂಗ ದೂರದಿಂದನ ಕಾಣಬೇಕು” ಅನ್ನುತ್ತಿದ್ದರು. ಗ್ಯಾಲರಿಯಲ್ಲಿ ತೂಗುವ ಚಿತ್ರದಷ್ಟೇ ಪ್ರಾಮಾಣಿಕ ಕಲೆ ಅದು ಎಂದು ನಾನು ಇಂದಿಗೂ ನಂಬಿದ್ದೇನೆ.

ಕೈ ನಡುಗಬಾರದೆಂದರೆ ಬೆಳಿಗ್ಗೆ ಒಳಗೆ ಸ್ವಲ್ಪ ಬೀಳಬೇಕು ಎಂಬುದು ನಮ್ಮ ಕಸುಬಿನ ನಂಬಿಕೆ. ಕೆಲಸ ಮುಗಿದರೆ ಕೂಲಿಯ ಜೊತೆಗೆ ಬಾಟಲಿಯೂ ಬರುತ್ತಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದರು, ಮನೆಯ ಖರ್ಚು ಏರಿತು. ಆದರೆ ಕೈಯ ನಡುಕ ಹುಟ್ಟುತ್ತಿದ್ದುದೇ ಕುಡಿತದಿಂದ. ಮದ್ಯಕ್ಕೆ ಒಗ್ಗಿದ ಮಿದುಳು ರಾತ್ರಿ ಅದು ಇಳಿದೊಡನೆ ಕೆರಳುತ್ತದೆ, ಬೆಳಿಗ್ಗೆ ಕೈ ಅದುರುತ್ತದೆ, ಮತ್ತೊಂದು ಗುಟುಕಿಗೆ ಶಾಂತವಾಗುತ್ತದೆ. ನಾವು ಆ ಗುಟುಕಿಗೇ ಕಲೆಯ ಶ್ರೇಯ ಕೊಟ್ಟೆವು. ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಥಿನ್ನರ್ ವಾಸನೆ ಬೇರೆ.

ಅಷ್ಟರಲ್ಲಿ ಫ್ಲೆಕ್ಸ್ ಬಂತು. ನಾವು ಎರಡು ದಿನ ಬರೆಯುತ್ತಿದ್ದ ಬೋರ್ಡನ್ನು ಯಂತ್ರ ಚಹಾ ಕುಡಿಯುವಷ್ಟರಲ್ಲಿ ಉಗುಳುತ್ತಿತ್ತು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಆಸೆ ಚಿಗುರಿತು, ಆದರೆ ನಮ್ಮ ಕೆಲಸ ಮರಳಲಿಲ್ಲ. ಕೆಲಸವಿಲ್ಲದ ಹಗಲುಗಳು ಮಾಸ್ತರರನ್ನು ತಿಂದವು. ಒಮ್ಮೆ ಆಣೆ ಮಾಡಿ ಒಮ್ಮೆಲೇ ಕುಡಿತ ಬಿಟ್ಟರು. ಮೂರನೆಯ ದಿನ ಫಿಟ್ಸ್ ಬಂತು, ಇಲ್ಲದ್ದು ಕಾಣತೊಡಗಿತು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಯ್ಯಲು ಮನೆಯವರು ಹಿಂಜರಿದರು. 1845ರಲ್ಲಿ ಶುರುವಾದ ಆಸ್ಪತ್ರೆ ಅದು. ‘ಹುಚ್ಚರ ದವಾಖಾನಿ’ ಎಂಬ ಹಳೆಯ ಹೆಸರು ಜನರ ಬಾಯಿಂದ ಇನ್ನೂ ಇಳಿದಿಲ್ಲ. ಬಹಳ ಕಾಲ ಕುಡಿದವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು, ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ ಎಂದು ನಮಗೆ ಗೊತ್ತಾದದ್ದು ಅಲ್ಲಿ. ಮಾತ್ರೆಗಳನ್ನು ದಿನದಿನಕ್ಕೆ ಇಳಿಸುತ್ತ ಬಂದರು, ಬಿ1 ವಿಟಮಿನ್ ಕೊಟ್ಟರು.

ದೇಹ ಚೇತರಿಸಿದರೂ ಭಯ ಹೋಗಲಿಲ್ಲ. “ಕುಡೀದ ಬರದ್ರ ಅಕ್ಷರ ಸತ್ತಂಗ ಕಾಣ್ತಾವೋ ಏನೋ” ಅನ್ನುತ್ತಿದ್ದರು. ಆಗ ನಮ್ಮ ನಡುವೆ ಬಂದದ್ದು ಗದಗಿನ ಗಾಯಕ ಭೀಮಸೇನ ಜೋಶಿಯವರ ಕಥೆ. 1970ರ ದಶಕದ ಕೊನೆಯವರೆಗೆ ಕುಡಿತದೊಡನೆ ಹೆಣಗಿದವರು ಅವರು. ಆಮೇಲೂ ಸವಾಯಿ ಗಂಧರ್ವ ಉತ್ಸವದಲ್ಲಿ ವರ್ಷವರ್ಷ ಹಾಡಿದರು, ಅವರಿಗೆ ಭಾರತರತ್ನ ಘೋಷಣೆಯಾದದ್ದು 2008ರಲ್ಲಿ. ಮಾಸ್ತರರು ಅವರ ಅಭಂಗಗಳನ್ನು ಮೊಬೈಲಿನಲ್ಲಿ ಹಚ್ಚಿಕೊಂಡು ಹಳೆಯ ತಗಡಿನ ಮೇಲೆ ‘ಅ’ದಿಂದ ಬರೆಯತೊಡಗಿದರು. ಮೊದಲ ವಾರಗಳ ಗೆರೆ ಹರಿದ ದಾರದಂತಿತ್ತು. ಆಮೇಲೆ ಬಾಗು ಕೂಡಿಬಂತು. ವೇಗ ಮೊದಲಿನಷ್ಟಿಲ್ಲ, ಆದರೆ ಎರಡೂ ಕಾಲದ ಬೋರ್ಡು ನೋಡಿದ ನನ್ನ ಕಣ್ಣಿಗೆ ಈಚಿನವೇ ಮೇಲು. ಮೊದಲು ಸಂಜೆಯ ಹೊತ್ತು ಬರೆದ ಅಕ್ಷರಗಳು ಬಲಕ್ಕೆ ವಾಲುತ್ತಿದ್ದವು, ಈಗ ಕೊನೆಯ ಸಾಲೂ ನೆಟ್ಟಗೆ ನಿಲ್ಲುತ್ತದೆ.

ಈಗ ಕೆಲಸವೆಂದರೆ ಸುತ್ತಲಿನ ಹಳ್ಳಿಗಳ ಸರ್ಕಾರಿ ಶಾಲೆಗಳ ಗೋಡೆ, ಪಂಚಾಯಿತಿಯ ಗೋಡೆಬರಹ. ಮಾಸ್ತರರು ಒಂಟಿಯಾಗಿ ಹೋಗುವುದಿಲ್ಲ, ಇಬ್ಬರು ಹುಡುಗರು ಜೊತೆಗಿರುತ್ತಾರೆ. ಕಿಟಕಿ ತೆರೆಯದೆ ಡಬ್ಬಿ ಬಿಚ್ಚುವುದಿಲ್ಲ. ರೇಟು ಮಾತಾಡುವಾಗಲೇ ಗುತ್ತಿಗೆದಾರರಿಗೆ ಹೇಳಿಬಿಡುತ್ತಾರೆ: “ಊಟ, ಚಹಾ ನಿಮ್ಮ ಕಡೆ ಇರಲಿ ಸಾಹೇಬ್ರ. ಬಾಟ್ಲಿ ಬ್ಯಾಡ. ಅದರ ರೊಕ್ಕ ಹುಡುಗರ ಪಗಾರಕ್ಕ ಕೂಡಿಸ್ರಿ.”