ಬೇಳೆಯ ತದ್ಭವ

ಕಳೆದ ಬೇಸಗೆಯಲ್ಲಿ ಹುಬ್ಬಳ್ಳಿಯ ಮಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆನು. ಆರು ವರ್ಷದ ಮೊಮ್ಮಗನು ಊಟಕ್ಕೆ ಕುಳಿತಾಗಲೆಲ್ಲ ಸಾರಿನ ಬೇಳೆಯನ್ನೂ ಪಲ್ಯದ ಕಾಳನ್ನೂ ಆಯ್ದು ತಟ್ಟೆಯ ಅಂಚಿಗೆ ಸರಿಸುತ್ತಿದ್ದನು. ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದೆಂಬುದು ಅಲ್ಲಿ ನಾವು ಕಲಿತ ಮೊದಲ ಪಾಠ. ಒಂದು ದಿನ ತಾಳ್ಮೆಗೆಟ್ಟು ಗದರಿಬಿಟ್ಟೆನು. ಮಗು ಅಳುತ್ತ ಎದ್ದುಹೋಯಿತು. ಅಂದು ರಾತ್ರಿ ಕಥೆ ಕೇಳಲು ನನ್ನ ಬಳಿಗೆ ಬರಲಿಲ್ಲ.

ಮರುದಿನ ಮಗಳು ಕಡಲೆಹಿಟ್ಟಿನ ಪಾಸ್ತಾದ ಪೊಟ್ಟಣವೊಂದನ್ನು ತಂದಳು. ಇಟಲಿಯ ಶಾವಿಗೆಗೆ ನಮ್ಮ ಕಡಲೆಯ ವೇಷವೇ ಎಂದು ನಾನು ನಕ್ಕೆನು. ಆದರೆ ಟೊಮ್ಯಾಟೊ ಗೊಜ್ಜಿನಲ್ಲಿ ಕಲಸಿದ ಅದನ್ನು ಹುಡುಗನು ಒಂದು ಚೂರೂ ಉಳಿಸದೆ ಉಂಡನು. ನನ್ನ ನಗೆ ಅಲ್ಲಿಗೇ ನಿಂತಿತು.

ಚರಕಸಂಹಿತೆಯು ಅಕ್ಕಿ ಗೋಧಿಗಳನ್ನು ಶೂಕಧಾನ್ಯವೆಂದೂ ಹೆಸರು ಕಡಲೆಗಳನ್ನು ಶಮೀಧಾನ್ಯವೆಂದೂ ಬೇರೆಬೇರೆ ವರ್ಗಗಳಲ್ಲಿ ಹೇಳಿದೆ. ಇವೆರಡರ ಗುಣಭೇದವನ್ನು ಇಂದಿನ ಆಹಾರಶಾಸ್ತ್ರವು ತನ್ನ ಮಾತಿನಲ್ಲಿ ವಿವರಿಸುತ್ತದೆ. ಬೇಯಿಸದ 100 ಗ್ರಾಂ ಗೋಧಿ ಪಾಸ್ತಾದಲ್ಲಿ ಸಸಾರಜನಕವು ಸುಮಾರು 12-13 ಗ್ರಾಂ; ಅಪ್ಪಟ ಕಡಲೆಯದರಲ್ಲಿ ಸುಮಾರು 20 ಗ್ರಾಂ. ನಾರು, ಕಬ್ಬಿಣದ ಅಂಶಗಳೂ ಹೆಚ್ಚು; ಮೇಲೆ ನಿಂಬೆಯ ರಸ ಹಿಂಡಿದರೆ ಆ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಒದಗುತ್ತದೆ. ಧಾನ್ಯಗಳಲ್ಲಿ ಕೊರತೆಯಾಗುವ ಲೈಸೀನ್ ಕಾಳುಗಳಲ್ಲಿ ಸಮೃದ್ಧವಾಗಿದೆ. ಕಾಳುಗಳಲ್ಲಿ ಸಾಲದ ಮಿಥಿಯೋನಿನ್ ಅನ್ನು ಧಾನ್ಯಗಳು ತುಂಬಿಕೊಡುತ್ತವೆ. ನಮ್ಮ ಹಿರಿಯರ ಅನ್ನ-ಬೇಳೆ, ರೊಟ್ಟಿ-ಕಾಳುಪಲ್ಯಗಳ ಜೋಡಿಯ ಹಿರಿಮೆ ಇದೇ.

ಆದರೆ ಎಚ್ಚರವೂ ಬೇಕು. ಪೊಟ್ಟಣದ ಮೇಲೆ ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರು ಗೋಧಿಯದಾದರೆ ಅದು ಹೆಸರಿಗೆ ಮಾತ್ರ ಬೇಳೆಯ ಪಾಸ್ತಾ. ಇದರ ಬೆಲೆಯೂ ಬೇಳೆಗಿಂತ ಬಹಳ ಹೆಚ್ಚು. ಅಷ್ಟು ಅನುಕೂಲವಿಲ್ಲದ ಮನೆಯಲ್ಲಿ ಹೆಸರುಬೇಳೆಯ ದೋಸೆಯೋ ಕಡಲೆಹಿಟ್ಟಿನ ದೋಸೆಯೋ ಅದೇ ಕಾರ್ಯವನ್ನು ಮಾಡಬಲ್ಲುದು.

ಮೂವತ್ತು ವರ್ಷ ಮಕ್ಕಳಿಗೆ ತತ್ಸಮ-ತದ್ಭವಗಳನ್ನು ಬೋಧಿಸಿದವನು ನಾನು. ‘ವಿದ್ಯಾ’ ಎಂಬುದು ‘ಬಿಜ್ಜೆ’ಯಾದರೂ ಅರ್ಥ ಕೆಡುವುದಿಲ್ಲವೆಂದು ಹೇಳುತ್ತಿದ್ದ ನನಗೆ, ಕಡಲೆಯು ರೂಪ ಬದಲಿಸಿ ಬಂದಾಗ ಗುರುತು ಸಿಕ್ಕದೆ ಹೋಯಿತು.

ಮಗುವಿಗೆ ಸುಳ್ಳು ಹೇಳಿ ಉಣಿಸುವುದು ಮಗಳಿಗೆ ಸರಿಬರಲಿಲ್ಲ. ಮೂರನೆಯ ದಿನ ನಿಜವನ್ನೇ ಹೇಳಿದಳು. ಹುಡುಗನು ನನ್ನತ್ತ ತಿರುಗಿ, “ಅಜ್ಜಾ, ಇದು ಖರೇನ ಕಡಲೀನಾ?” ಎಂದನು. ಹೌದೆಂದು, ಬೇಯಿಸಿದ ಎರಡು ಕಡಲೆಕಾಳುಗಳನ್ನು ಅವನ ಅಂಗೈಯಲ್ಲಿಟ್ಟೆನು. ತಿರುಗಿಸಿ ತಿರುಗಿಸಿ ನೋಡಿ ಒಂದನ್ನು ತಾನು ತಿಂದು, ಇನ್ನೊಂದನ್ನು ನನ್ನ ಬಾಯಿಗಿಟ್ಟನು. ಅಂದು ರಾತ್ರಿ ಕಥೆ ಕೇಳಲು ಬಂದನು. ಗದರಿಕೆಯಿಂದ ಇಳಿಯದ ತುತ್ತು ಉಪಾಯದಿಂದಲೂ ಪ್ರೀತಿಯಿಂದಲೂ ಇಳಿಯುವುದೆಂಬ ಪಾಠವನ್ನು ಈ ಪಂಡಿತನು ಕಲಿತದ್ದು ಮೊಮ್ಮಗನಿಂದ.