ರಾಜಿ ಮತ್ತು ನ್ಯಾಯ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಯುವಕನೊಬ್ಬನ ಕೈಯನ್ನು ನೆರೆಮನೆಯ ಹುಡುಗ ಜಗಳದಲ್ಲಿ ಮುರಿದನು. ಜುಮಾ ನಮಾಝಿನ ಬಳಿಕ ನಾವು ಹಿರಿಯರೆಲ್ಲ ಕುಳಿತು, ಇಬ್ಬರನ್ನೂ ಆಲಿಂಗನ ಮಾಡಿಸಿ, ಸಲಾಮ್ ಹೇಳಿಸಿ, ಸಮಾಧಾನದಿಂದ ಮನೆಗೆ ಹೋದೆವು. ಎರಡು ತಿಂಗಳ ನಂತರ ಆ ಯುವಕನ ತಾಯಿ ನಮ್ಮನ್ನು ದಾರಿಯಲ್ಲಿ ತಡೆದು ಕೇಳಿದರು: "ನೀವು ರಾಜಿ ಮಾಡಿಸಿದಿರಿ, ಭಾಯಿ. ಆದರೆ ನನ್ನ ಮಗನನ್ನು ಒಂದು ಮಾತು ಕೇಳಿದಿರಾ?" ನಾವು ತಲೆತಗ್ಗಿಸಿದೆವು. ದುಡಿಯುವ ಕೈ ಮುರಿದ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆಯೆಂದು ನಮ್ಮಲ್ಲಿ ಯಾರೂ ವಿಚಾರಿಸಿರಲಿಲ್ಲ.

ನಮ್ಮ ಜಿಲ್ಲೆಯ ಎರಡು ಘಟನೆಗಳು ಅಂದಿನಿಂದ ನಮ್ಮನ್ನು ಕಾಡುತ್ತಿವೆ. 2021ರ ಸೆಪ್ಟೆಂಬರ್ 4ರಂದು ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಓಡುತ್ತಾ ಹನುಮಂತನ ಗುಡಿಯೊಳಗೆ ಹೋಯಿತು. ಶುದ್ಧೀಕರಣಕ್ಕೆಂದು 25,000 ರೂಪಾಯಿ ಕೊಡುವಂತೆ ಆ ಮಗುವಿನ ತಂದೆಗೆ ಹೇಳಲಾಯಿತು. ಊರಿನ ಸಂಬಂಧ ಕೆಟ್ಟೀತೆಂಬ ಭಯದಿಂದ ಕುಟುಂಬ ದೂರು ಕೊಡಲು ಹಿಂಜರಿಯಿತು. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೇ ದೂರು ನೀಡಿದರು, ಐವರ ಬಂಧನವಾಯಿತು, ಅಧಿಕಾರಿಗಳು ಊರಿನಲ್ಲಿ ಜಾಗೃತಿ ಸಭೆ ನಡೆಸಿದರು.

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಬಹುಪಾಲು ಜನರಿಗೆ ಜಾಮೀನು ನೀಡಿತು. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಎರಡೂ ಕಡೆಯವರು ಮತ್ತೆ ಮುಖಾಮುಖಿಯಾಗಲೇಬೇಕು. ಶಿಕ್ಷೆ ಅಗತ್ಯ, ಆದರೆ ಮುರಿದ ಬಾಳನ್ನು ಕಟ್ಟುವ ಕೆಲಸವನ್ನು ಶಿಕ್ಷೆಯೊಂದೇ ಮಾಡಲಾರದು. ಮೌನದ ಮೇಲೆ ನಿಂತ ರಾಜಿಯಂತೂ ಅದನ್ನು ಮಾಡಲಾರದು.

ಪವಿತ್ರ ಕುರ್‌ಆನ್ ಈ ಎರಡರ ನಡುವಿನ ಹಾದಿಯನ್ನು ತೋರುತ್ತದೆ. ಅಶ್ಶೂರಾ ಅಧ್ಯಾಯದ 40ನೇ ಸೂಕ್ತವು ಕ್ಷಮೆಯನ್ನು ಸುಧಾರಣೆಯೊಂದಿಗೆ ಜೋಡಿಸಿ ಹೇಳುತ್ತದೆ. ಅನ್ನಿಸಾ ಅಧ್ಯಾಯದ 92ನೇ ಸೂಕ್ತವು, ಪ್ರಮಾದದಿಂದ ಪ್ರಾಣಹಾನಿಯಾದಾಗ ಪರಿಹಾರಧನವನ್ನು ಮೃತನ ಮನೆಯವರಿಗೆ ಸಲ್ಲಿಸಬೇಕೆಂದು ವಿಧಿಸಿ, ಅದನ್ನು ಬಿಟ್ಟುಕೊಡುವ ಹಕ್ಕನ್ನೂ ಅವರಿಗೇ ನೀಡುತ್ತದೆ. ಅಂದರೆ ಕ್ಷಮೆಯು ನೊಂದವರ ಸೊತ್ತು; ಪಂಚರ ಸೊತ್ತಲ್ಲ. ಪ್ರವಾದಿತ್ವಕ್ಕೆ ಮೊದಲೇ ಪ್ರವಾದಿಯವರು(ಸ) ಭಾಗವಹಿಸಿದ್ದ ಹಿಲ್ಫುಲ್ ಫುದೂಲ್ ಒಪ್ಪಂದವು, ಮಕ್ಕಾದ ಪ್ರತಿಷ್ಠಿತನೊಬ್ಬನಿಂದ ವಂಚಿತನಾದ ಪರದೇಶಿ ವ್ಯಾಪಾರಿಗೆ ಅವನ ಹಕ್ಕನ್ನು ಮರಳಿ ಕೊಡಿಸಿತು. ಅಲ್ಲಿ ಬಲಹೀನನಿಗೆ ಬರಿಯ ಸಬ್ರ್‌ನ ಉಪದೇಶ ಸಿಗಲಿಲ್ಲ.

ನಾವು ಆ ಮನೆಗೆ ಮತ್ತೆ ಹೋದೆವು. ಮೊದಲು ಯುವಕ ಮಾತನಾಡಿದನು, ನಾವು ಕೇಳಿದೆವು. ಹೊಡೆದ ಹುಡುಗ ತನ್ನ ತಪ್ಪನ್ನು ತನ್ನ ಬಾಯಿಂದಲೇ ಒಪ್ಪಿದನು; ಔಷಧಿಯ ಖರ್ಚನ್ನೂ ನಷ್ಟವಾದ ಕೂಲಿಯನ್ನೂ ಕಂತುಗಳಲ್ಲಿ ತೀರಿಸಲು ಮುಂದಾದನು. ಕೊನೆಯ ಕಂತಿನ ದಿನ ಅವರಿಬ್ಬರೂ ಕೈಕುಲುಕಿದರು. ಆ ದಿನ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕೊಪ್ಪಳವಿರಲಿ, ಯಲಬುರ್ಗಾವಿರಲಿ, ನಮ್ಮ ಮೊಹಲ್ಲಾಗಳಲ್ಲಿ ರಾಜಿಗೆ ಕೂರುವ ಮುನ್ನ ನೊಂದವರ ಮಾತನ್ನು ಆಲಿಸೋಣ. ಘೋರ ಅಪರಾಧಗಳನ್ನು ಕಾನೂನಿಗೆ ಒಪ್ಪಿಸೋಣ. ನ್ಯಾಯದ ತಕ್ಕಡಿಯನ್ನು ಸರಿಯಾಗಿ ಹಿಡಿಯುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.