ಚೊಚ್ಚಲ ಮಗಳ ದಿನಚರಿ

6 ಫೆಬ್ರವರಿ 2024, ಮಂಗಳವಾರ, ಮೂಲ್ಕಿ

ಅಪ್ಪನ ಉಯಿಲನ್ನು ವಕೀಲರು ಇವತ್ತು ಓದಿ ಹೇಳಿದರು. ಮನೆ, ಹಿತ್ತಿಲ ತೆಂಗಿನ ತೋಟ, ಬಾವಿ, ಎಲ್ಲ ತಮ್ಮನಿಗೆ. ನನಗೆ ಬ್ಯಾಂಕಿನ ಠೇವಣಿ, ಅಮ್ಮನ ಹೊಲಿಗೆ ಯಂತ್ರ. ಜೊತೆಗೆ ಒಂದು ಸಾಲಿನ ಸಮಜಾಯಿಷಿ: ಹಿರಿಯ ಮಗಳಿಗೆ ಸ್ವಂತ ಪಿಂಚಣಿ ಇದೆಯಂತೆ. ದುಡಿದು ಉಂಡದ್ದೇ ಕೊರತೆಯಾಯಿತು. ಅಪ್ಪನ ಕೊನೆಯ ವರ್ಷಗಳ ಇನ್ಸುಲಿನ್, ರಾತ್ರಿಯ ಕೆಮ್ಮು, ಬದಲಾಯಿಸಿದ ಹಾಸಿಗೆ ಯಾವ ಲೆಕ್ಕದಲ್ಲೂ ಇಲ್ಲ. ಲೆಕ್ಕಕ್ಕೆಂದು ಮಾಡಿದ್ದೂ ಅಲ್ಲ. ಆದರೂ ಮನೆ ನನಗೆ ಬರುತ್ತದೆ, ಅರ್ಧವಾದರೂ ಬರುತ್ತದೆ ಅಂದುಕೊಂಡಿದ್ದೆ.

“ಟೀಚರೇ, ನಮ್ಮ ಕ್ರೈಸ್ತರಲ್ಲಿ ಹುಟ್ಟಿದ ಮಾತ್ರಕ್ಕೆ ಪಾಲು ಬರುವುದಿಲ್ಲ. ಅಪ್ಪ ಇರುವವರೆಗೆ ಎಲ್ಲ ಅಪ್ಪನದ್ದೇ. ಉಯಿಲು ಬರೆಯದೆ ಹೋಗಿದ್ದರೆ 1925ರ ಉತ್ತರಾಧಿಕಾರ ಕಾಯಿದೆಯ ಪ್ರಕಾರ ನಿಮ್ಮಿಬ್ಬರಿಗೂ ಸಮಪಾಲು. ಬರೆದ ಮೇಲೆ ಬರೆದದ್ದೇ” ಎಂದರು ವಕೀಲರು. ಪಕ್ಕದ ಹಿಂದೂ ಮನೆಯ ಮಗಳಿಗಾದರೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಕೇರಳದ ಮೇರಿ ರಾಯ್ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದನ್ನು ನೆನಪಿಸಿದೆ. ಅವರು ತಲೆಯಾಡಿಸಿದರು. ಆಕೆಯ ಅಪ್ಪ ಉಯಿಲು ಬರೆಯದೆ ತೀರಿಕೊಂಡವರು. ಆ ಅಪ್ಪನ ಹೆಸರು ಇಸಾಕ್ ಎಂದು ಬಸ್ಸಿನಲ್ಲಿ ಬರುವಾಗ ನೆನಪಾಗಿ ಒಬ್ಬಳೇ ನಕ್ಕೆ.

9 ಫೆಬ್ರವರಿ, ಶುಕ್ರವಾರ

ಸಭೆಯ ಹೆಂಗಸೊಬ್ಬರು ಮಾತಾಡಿಸಲು ಬಂದಿದ್ದರು. ಸುದ್ದಿ ಆಗಲೇ ಮುಟ್ಟಿದೆ. ಹೊರಡುವಾಗ ಮೆಟ್ಟಿಲಲ್ಲಿ ನಿಂತು, “ಏಸಾವನ ಹಾಗೆ ಕಣ್ಣೀರು ಹಾಕುತ್ತ ಕೂರಬೇಡಿ, ಕರ್ತನು ಕೊಡುತ್ತಾನೆ” ಎಂದರು. ಬೈಬಲ್ ಚೆನ್ನಾಗಿ ಗೊತ್ತಿರುವವರು ಸಮಾಧಾನ ಹೇಳಲು ಬಂದರೆ ಬಾಗಿಲು ಹಾಕಿಕೊಳ್ಳುವುದೇ ಲೇಸು. ಏಸಾವ ಮಾರಿದ. ಹಸಿದು ಬಂದವನು ಅಲಸಂದೆಯೋ ತೊಗರಿಯೋ, ಯಾವುದೋ ಕೆಂಪು ಸಾರಿಗೆ ಕೈಯೊಡ್ಡಿ ಚೊಚ್ಚಲ ಹಕ್ಕನ್ನು ಆಣೆಯಿಟ್ಟು ಬಿಟ್ಟುಕೊಟ್ಟ. ನಾನು ಏನನ್ನು ಮಾರಿದೆ?

ಸಿಟ್ಟಿನಲ್ಲೇ ಪುಟ ತಿರುವಿದೆ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯ ಖಡಾಖಂಡಿತವಾಗಿದೆ: ಇಬ್ಬರು ಹೆಂಡಿರಿದ್ದು, ಒಲ್ಲದವಳ ಮಗನೇ ಚೊಚ್ಚಲಾದರೆ, ಒಲಿದವಳ ಮಗನಿಗಾಗಿ ಅವನನ್ನು ಹಿಂದೆ ಹಾಕಕೂಡದು, ಎರಡು ಪಾಲು ಅವನದೇ. ಕಾನೂನು ಹೀಗೆ. ಕಥೆಗಳನ್ನು ನೋಡಿದರೆ ಬೇರೆಯೇ. ಇಷ್ಮಾಯೇಲ ಹೊರಗೆ, ಏಸಾವ ಹೊರಗೆ, ರೂಬೇನ ಹೊರಗೆ. ಮನಸ್ಸೆಯ ಮೇಲೆ ಬರಬೇಕಿದ್ದ ಬಲಗೈಯನ್ನು ಅಜ್ಜ ಯಾಕೋಬ ಬೇಕೆಂದೇ ಎಫ್ರಾಯೀಮನ ತಲೆಯ ಮೇಲಿಟ್ಟ. ಇಷಯನ ಹಿರಿಯ ಮಗ ಎಲೀಯಾಬ ಎದುರಿಗೆ ನಿಂತಿರುವಾಗ ಕುರಿ ಕಾಯುತ್ತಿದ್ದ ಕಿರಿಯನಿಗೆ ಹೇಳಿ ಕಳಿಸಿದರು. ಇವೆಲ್ಲ ದೇವರ ಕೃಪೆಗೆ ದೃಷ್ಟಾಂತ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ, ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಿಯೂ ಇದ್ದೇನೆ. ಎಲೀಯಾಬನಿಗೆ ಹೇಗಿತ್ತು ಎಂದು ಯಾವ ಮಗುವೂ ಕೇಳಲಿಲ್ಲ.

ಒಂದು ಕಡೆ ಮಾತ್ರ ಬರೆದವನು ಬಾಯಿ ಮುಚ್ಚಿ ನಕ್ಕಿರಬೇಕು. ಅಣ್ಣನ ವೇಷ ಹಾಕಿ ಅಪ್ಪನ ಆಶೀರ್ವಾದ ಕದ್ದ ಯಾಕೋಬ ಮದುವೆಯ ಮರುದಿನ ಬೆಳಿಗ್ಗೆ ಲೇಯಾಳನ್ನು ಕಂಡು ಕೂಗಾಡುತ್ತಾನೆ. ಹಿರಿಯಳಿಗಿಂತ ಮೊದಲು ಕಿರಿಯಳನ್ನು ಕೊಡುವ ಪದ್ಧತಿ ನಮ್ಮೂರಲ್ಲಿಲ್ಲ ಎನ್ನುತ್ತಾನೆ ಲಾಬಾನ. ಅದಕ್ಕೆ ಯಾಕೋಬನಲ್ಲಿ ಉತ್ತರವಿಲ್ಲ.

14 ಫೆಬ್ರವರಿ, ಬೂದಿ ಬುಧವಾರ

ಕಪಾಟಿನಲ್ಲಿ ದಾಖಲೆ ಹುಡುಕುವಾಗ ಮುತ್ತಜ್ಜನ ದೀಕ್ಷಾಸ್ನಾನದ ಚೀಟಿ ಸಿಕ್ಕಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮವರು ಸೇರಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಳಿಯಸಂತಾನದ ಕುಟುಂಬ. ಮತ ಬಿಟ್ಟವನ ಹಕ್ಕು ಹೋಗದು ಎಂದು ಕಂಪೆನಿ ಸರ್ಕಾರ 1850ರಲ್ಲೇ ಕಾನೂನು ಮಾಡಿತ್ತು, ಆದರೆ ಕಾನೂನು ಹಿಡಿದುಕೊಂಡು ಕುಟುಂಬದ ಮನೆಯ ಚಾವಡಿಗೆ ಹೋಗುವ ಧೈರ್ಯ ಯಾರಿಗಿತ್ತು? ಮುತ್ತಜ್ಜ ಉಟ್ಟ ಬಟ್ಟೆಯಲ್ಲಿ ಬಂದು ಮಿಷನ್ನಿನ ಹಂಚಿನ ಕಾರ್ಖಾನೆ ಸೇರಿದ. ಈ ಮನೆಯ ಮಾಡಿಗೆ ಹೊದೆಸಿದ್ದು ಅವನ ಸಂಬಳದ ಹಂಚು ಎಂದು ಅಪ್ಪ ಹೇಳುತ್ತಿದ್ದರು.

ಅಳಿಯಸಂತಾನದಲ್ಲೇ ಉಳಿದಿದ್ದರೆ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು, ಹಿರಿಯ ಹೆಂಗಸು ಯಜಮಾನ್ತಿಯೂ ಆಗಬಹುದಿತ್ತು. ಅದೂ ತಾಯಿಯ ಕಡೆಯದು, ಅಪ್ಪನ ಕಡೆಯದಲ್ಲ. ನನಗೇನೂ ದಕ್ಕುತ್ತಿರಲಿಲ್ಲ ಅನ್ನಿ. ಆದರೂ ಕ್ರಿಸ್ತನ ಮನೆಗೆ ಬಂದು ಹೆಣ್ಣುಮಕ್ಕಳು ಒಂದು ಮೆಟ್ಟಿಲು ಕೆಳಗಿಳಿದೆವೇ ಎಂದು ಹಣೆಗೆ ಬೂದಿ ಹಚ್ಚಿಸಿಕೊಂಡ ದಿನವೇ ಅನ್ನಿಸಿತು. ಅರಣ್ಯಕಾಂಡದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಪಾಲು ಕೇಳಿದರು, ಸಿಕ್ಕಿತು. ಅವರಿಗೆ ತಮ್ಮನಿರಲಿಲ್ಲ.

18 ಫೆಬ್ರವರಿ, ಭಾನುವಾರ

ಪ್ರಸಂಗ ಇಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಮೇಲೆ. ಏಸಾವ ಪ್ರಾಪಂಚಿಕ, ಒಂದು ಊಟಕ್ಕೆ ಮಾರಿಕೊಂಡವನು, ಆಮೇಲೆ ಕಣ್ಣೀರಿಟ್ಟರೂ ಪ್ರಯೋಜನವಾಗದವನು. ಸಭಾಪಾಲಕರು ನನ್ನನ್ನು ನೋಡಿ ಹೇಳಲಿಲ್ಲ, ಪಾಪ. ನಾನೇ ಹಿಂದಿನ ಬೆಂಚಿನಲ್ಲಿ ಕುಳಿತು ವಾದ ಹೂಡುತ್ತಿದ್ದೆ. ಆ ಪತ್ರ ಬರೆದವರು ಏಸಾವನ ಜೀವನವನ್ನು ಆದಿಕಾಂಡದ 27ನೆಯ ಅಧ್ಯಾಯಕ್ಕೇ ಮುಗಿಸಿಬಿಟ್ಟರು. ಮುಂದೆಯೂ ಅವನು ಇದ್ದಾನಲ್ಲ?

ಗುಣವನ್ನು ತೂಗುವುದಾದರೆ ನನಗೆ ರೂಬೇನನೇ ಹೆಚ್ಚು ಕಾಡುವವನು. ತಂದೆಯ ಉಪಪತ್ನಿ ಬಿಲ್ಹಾಳ ವಿಷಯದಲ್ಲಿ ಅವನು ಮಾಡಿದ್ದು ಯಾಕೋಬನ ಕಿವಿಗೆ ಬಿತ್ತು ಎಂದಷ್ಟೇ ಇದೆ. ಅಪ್ಪ ಆಗ ತುಟಿ ಬಿಚ್ಚಲಿಲ್ಲ. ಸಾಯುವ ಹಾಸಿಗೆಯಲ್ಲಿ, ಎಲ್ಲ ಮಕ್ಕಳ ಎದುರಿಗೆ, ನೀನು ಶ್ರೇಷ್ಠನಾಗಲಾರೆ ಎಂದು ಹೇಳಿಬಿಟ್ಟ. ಅಷ್ಟು ವರ್ಷವೂ ರೂಬೇನ ತಾನೇ ಹಿರಿಯ ಎಂದುಕೊಂಡು ಓಡಾಡಿದ್ದಾನೆ. ಯೋಸೇಫನನ್ನು ಗುಂಡಿಯಿಂದ ಎತ್ತಿ ಅಪ್ಪನಿಗೆ ಒಪ್ಪಿಸಬೇಕೆಂದು ಮನಸ್ಸಿನಲ್ಲಿತ್ತು, ಬರುವಷ್ಟರಲ್ಲಿ ಗುಂಡಿ ಖಾಲಿ. ಬೆನ್ಯಾಮೀನನಿಗೆ ಹೊಣೆಯಾಗಿ ತನ್ನ ಇಬ್ಬರು ಮಕ್ಕಳ ತಲೆ ಕೊಡುತ್ತೇನೆ ಎಂದ. ಯೆಹೂದ ತನ್ನನ್ನೇ ಕೊಟ್ಟುಕೊಂಡ. ಪೂರ್ವಕಾಲವೃತ್ತಾಂತದ ಪ್ರಕಾರ ಆಳ್ವಿಕೆ ಯೆಹೂದನ ಕಡೆಗೆ, ಚೊಚ್ಚಲ ಹಕ್ಕು ಯೋಸೇಫನ ಮಕ್ಕಳಿಗೆ ಹೋಯಿತು. ಮಾತಾಡದ ಅಪ್ಪಂದಿರ ಬಗ್ಗೆ ಒಂದು ಪ್ರಸಂಗ ಯಾರಾದರೂ ಮಾಡಬೇಕು.

25 ಫೆಬ್ರವರಿ, ಭಾನುವಾರ

ದುಬೈಯಿಂದ ತಮ್ಮನ ಫೋನು. ಪಹಣಿಗೆ ಹೆಸರು ಏರಿಸಲು ನನ್ನ ಒಪ್ಪಿಗೆ ಪತ್ರವಿದ್ದರೆ ತಾಲೂಕು ಕಚೇರಿಯಲ್ಲಿ ಸುಲಭವಂತೆ. ಎರಡು ಸಲ ಕೆಮ್ಮಿ, “ನೀನು ಅಲ್ಲೇ ಇರು ಅಕ್ಕ, ಮನೆ ನಿನ್ನದೇ ಅಂತ ಇಟ್ಟುಕೋ” ಎಂದ. ಅಪ್ಪ ಹೀಗೆ ಬರೆದದ್ದು ಅವನಿಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು. ಸುಳ್ಳು ಹೇಳಲಿಲ್ಲ, ಅಷ್ಟು ಒಳ್ಳೆಯದು. ಮನೆ ಮಾರುತ್ತೀಯಾ ಎಂದದ್ದಕ್ಕೆ, “ಈಗೆಂತ ಹೇಳುವುದು ಅಕ್ಕ, ಮಕ್ಕಳು ಓದಬೇಕಲ್ಲ” ಎಂದ. ಸಹಿ ಹಾಕುವ ಬಗ್ಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

28 ಫೆಬ್ರವರಿ, ಬುಧವಾರ

ಮಹಿಳಾ ಕೂಟಕ್ಕೆ ಈ ಸಲ ಪಾಠ ನನ್ನದು. ಆದಿಕಾಂಡದ 33ನೆಯ ಅಧ್ಯಾಯ ಆರಿಸಿಕೊಂಡೆ. ಇಪ್ಪತ್ತು ವರ್ಷ ಲಾಬಾನನ ಬಳಿ ದುಡಿದು ವಾಪಸು ಬರುವ ಯಾಕೋಬ. ಎದುರಿನಿಂದ ನಾನೂರು ಜನರೊಂದಿಗೆ ಏಸಾವ. ಯಾಕೋಬ ಹೆದರಿ ಆಡು, ಕುರಿ, ಒಂಟೆ, ಹಸು, ಕತ್ತೆಗಳ ಹಿಂಡುಗಳನ್ನು ಮುಂದೆ ಕಳಿಸಿದ್ದಾನೆ. ಏಸಾವ ಓಡಿ ಬಂದು ತಬ್ಬಿಕೊಳ್ಳುತ್ತಾನೆ, ಕಾಣಿಕೆ ಬೇಡ, ತನಗೆ ಸಾಕಷ್ಟಿದೆ ಎನ್ನುತ್ತಾನೆ. ಆಶೀರ್ವಾದ ಹೊಡೆದುಕೊಂಡವನು ಏಳು ಸಲ ಅಡ್ಡಬೀಳುತ್ತಿದ್ದಾನೆ. ಸೇಯೀರಿಗೆ ನಿನ್ನ ಹಿಂದೆಯೇ ಬರುತ್ತೇನೆ ಎಂದು ಹೇಳಿ ಸುಕ್ಕೋತಿಗೆ ಹೊರಟುಹೋಗುತ್ತಾನೆ. ಯಾಕೋಬ ಯಾಕೋಬನೇ.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಪಾಠಕ್ಕೆ ಟಿಪ್ಪಣಿ ಮಾಡುತ್ತ ಮುಂದಕ್ಕೆ ಓದಿದಾಗ 35ರ ಕೊನೆಯಲ್ಲಿ ಕೈ ನಿಂತಿತು. ಮೋಸಹೋದ ದಿನ ಏಸಾವ ಒಂದು ಗಡುವು ಹಾಕಿಕೊಂಡಿದ್ದ: ಅಪ್ಪ ಸಾಯಲಿ, ಆ ದುಃಖದ ದಿನಗಳು ಕಳೆದ ಮೇಲೆ ತಮ್ಮನನ್ನು ಕೊಲ್ಲುತ್ತೇನೆ. ಇವತ್ತೋ ನಾಳೆಯೋ ಎಂಬಂತಿದ್ದ ಇಸಾಕ ನೂರ ಎಂಬತ್ತು ವರ್ಷ ಬದುಕಿದ. ಕೊನೆಗೂ ತೀರಿಕೊಂಡಾಗ ಇಬ್ಬರೂ ಮಕ್ಕಳು ಬಂದು ಸಮಾಧಿ ಮಾಡುತ್ತಾರೆ. ಗಡುವು ಬಂದಿದೆ, ತಮ್ಮ ಪಕ್ಕದಲ್ಲೇ ನಿಂತಿದ್ದಾನೆ, ಏನೂ ಆಗುವುದಿಲ್ಲ. ಆ ವಾಕ್ಯದಲ್ಲಿ ಏಸಾವನ ಹೆಸರು ಮೊದಲು, ಯಾಕೋಬನದು ಆಮೇಲೆ. ಹಕ್ಕು ಮಾರಿ, ಆಶೀರ್ವಾದ ಕಳೆದುಕೊಂಡು, ಇಷ್ಟೆಲ್ಲ ಆದ ಮೇಲೂ ಅಪ್ಪನ ಹೆಣದ ಮುಂದೆ ಅವನೇ ಹಿರಿಯ. ಇದನ್ನು ಯಾವ ಉಯಿಲೂ ಬರೆದು ಕೊಡುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಮರು ಅಧ್ಯಾಯದಲ್ಲಿ, ಇಬ್ಬರ ದನಕರುಗಳಿಗೂ ಆ ನೆಲ ಸಾಲದೆಂದು ಏಸಾವನೇ ಗಂಟು ಕಟ್ಟಿ ಬೇರೆ ಸೀಮೆಗೆ ಹೋದ. ಮುಂದಿನ ತಲೆಮಾರುಗಳಲ್ಲಿ ಎದೋಮಿಗೂ ಇಸ್ರಾಯೇಲಿಗೂ ಹಗೆ ಬೆಳೆಯಿತು ಎಂಬುದೂ ನಿಜವೇ. ಆದರೆ ಅದು ಸಮಾಧಿಯ ಪಕ್ಕ ನಿಂತವನ ಕೈವಾಡವಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಲಕೋಟೆಗೆ ತುಂಬಿದೆ. ಮನಸ್ಸು ತಿಳಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿತ್ತಿಲಲ್ಲಿ ತೆಂಗಿನಕಾಯಿ ಬಿದ್ದ ಸದ್ದಿಗೂ ಹೊಟ್ಟೆ ಉರಿಯುತ್ತದೆ. ಉಡುಪಿಯಲ್ಲಿ, ನಾನು ಕೆಲಸ ಮಾಡಿದ ಶಾಲೆಯ ಹತ್ತಿರ, ಬಾಡಿಗೆಗೆ ಎರಡು ಕೋಣೆ ನೋಡಲು ಹೇಳಿದ್ದೇನೆ.

5 ಮಾರ್ಚ್, ಮಂಗಳವಾರ

ಸಮಾಧಿಯ ಕಲ್ಲಿಗೆ ಕೆತ್ತಿಸುವ ಬರಹವನ್ನು ತಮ್ಮ ವಾಟ್ಸಾಪಿನಲ್ಲಿ ಕಳಿಸಿದ. ಅಪ್ಪನ ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ. ಕೆಳಗೆ ಅವನ ಹೆಸರು, ಹೆಂಡತಿಯ ಹೆಸರು, ಇಬ್ಬರು ಮಕ್ಕಳು, ಕೊನೆಯಲ್ಲಿ ನಾನು. ಒಂದು ಮಾತೂ ಬರೆಯದೆ “ಆದಿಕಾಂಡ 35:29” ಎಂದಷ್ಟೇ ಉತ್ತರಿಸಿದೆ. ಸಂಜೆಯವರೆಗೆ ಸದ್ದಿಲ್ಲ. ಆಮೇಲೆ ತಿದ್ದಿದ ಪ್ರತಿ ಬಂತು: ನನ್ನ ಹೆಸರು ಮೊದಲು, ಅವನದು ಎರಡನೆಯದು, ಹೆಂಡತಿ ಮಕ್ಕಳ ಹೆಸರಿದ್ದಲ್ಲಿ “ಮತ್ತು ಕುಟುಂಬ”. ಕೆಳಗೊಂದು ಸಾಲು: “ಸರಿಯಾ ಅಕ್ಕ?”

ಸರಿ ಎಂದೆ. ಕಾರ್ಕಳದ ಕಲ್ಲು ಕೆತ್ತುವವರು ಅಕ್ಷರಕ್ಕೆ ಇಂತಿಷ್ಟು ಎಂದು ಲೆಕ್ಕ ಹಾಕುತ್ತಾರೆ, ಒತ್ತಕ್ಷರಕ್ಕೆ ಬೇರೆ ದರ. ದುಡ್ಡು ಠೇವಣಿಯಿಂದ ಕೊಡುತ್ತೇನೆ, ನೀನು ಕಳಿಸುವುದು ಬೇಡ ಎಂದು ಬರೆದೆ. ಅರ್ಧ ತಾನು ಕೊಡುತ್ತೇನೆಂದು ಹಟ ಹಿಡಿದಿದ್ದಾನೆ. ನಾಳೆ ನೋಡುವಾ.